ಗುಜರಿಗೆ ಹೋಗಬೇಕಿದ್ದ 24 ಚಾನೆಲ್ ಮಿಕ್ಸರ್

ಮಂಡ್ಯ ಕಡೆ ಮೈಕ್ ಸೆಟ್ ಇಟ್ಟುಕೊಂಡವರಿಗೆ ಪೌರಾಣಿಕ ನಾಟಕದ ರಾತ್ರಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎಲ್ಲ ಮೈಕಿನ ದನಿ ಬೆರೆಸಿ ಸ್ಪೀಕರ್‌ಗೆ ಕಳಿಸುವ ಮಿಕ್ಸರನ್ನು ರಾತ್ರಿ ಒಂಬತ್ತಕ್ಕೆ ಆನ್ ಮಾಡಿದರೆ ಬೆಳಗಿನ ಜಾವದ ತನಕ ಆಫ್ ಆಗುವ ಹಾಗಿಲ್ಲ. ಅಂಥ ಅರವತ್ತು, ಎಪ್ಪತ್ತು ಕುರುಕ್ಷೇತ್ರ ನಾಟಕಗಳನ್ನು ಮೂರು ಸೀಸನ್‌ನಲ್ಲಿ ಒಂದು ಹಳೇ ಅನಲಾಗ್ ಮಿಕ್ಸರಿನಲ್ಲೇ ಮುಗಿಸಿದ್ದೇನೆ. ಒಂದು ರಾತ್ರಿಯೂ ಅದು ಕೈಕೊಟ್ಟಿಲ್ಲ.

ತಂದ ದಿನ ಒಬ್ಬರಾದರೂ ಭೇಷ್ ಅನ್ನಲಿಲ್ಲ. ಮೈಸೂರಿನ ಒಂದು ಸಭಾಂಗಣದವರು ಮೂಲೆಗೆ ಹಾಕಿದ್ದರು, 18 ಸಾವಿರಕ್ಕೆ ಎತ್ತಿಕೊಂಡು ಬಂದೆ. ಮೈಕಿಗೊಂದರಂತೆ ಇರುವ 24 ಚಾನೆಲ್‌ನಲ್ಲಿ 9 ಸತ್ತಿದ್ದವು. ನನಗೆ ಕೆಲಸ ಕಲಿಸಿದ ಹಿರಿಯರು ಬಂದು ನೋಡಿ, "ಲೇ ಮಗ, ಇದುನ್ನ ಗುಜ್ರಿಗೆ ಹಾಕ್ಲಾ, ತೂಕಕ್ಕಾದ್ರೂ ಕಾಸು ಬತ್ತದೆ" ಅಂದರು.

ಡಿಜಿಟಲ್ ಮಿಕ್ಸರ್ ನನ್ನ ಹತ್ತಿರವೂ ಇದೆ. 2012ರಲ್ಲಿ ಬೆಹ್ರಿಂಗರ್ ಕಂಪನಿಯ ಎಕ್ಸ್32 ಮಿಕ್ಸರ್ ಬಂದಮೇಲೆ ಸಣ್ಣ ಊರಿನ ಸೌಂಡ್‌ನವರಿಗೂ ಡಿಜಿಟಲ್ ಕೈಗೆಟುಕಿತು. ನಾನು ತಗೊಂಡದ್ದು ಬೇರೆ ಕಂಪನಿಯದು. ಆರ್ಕೆಸ್ಟ್ರಾಗೆ ಅದರಂಥದ್ದು ಇಲ್ಲ. ಹಾಡು ಹಾಡಿಗೂ ಸೀನ್, ಅಂದ್ರೆ ಮೊದಲೇ ಉಳಿಸಿಟ್ಟ ಸೆಟ್ಟಿಂಗ್, ಕರೆದುಕೊಳ್ಳಬಹುದು. ಎಲ್ಲ ಮೈಕಿನ ವೈರೂ ಒಟ್ಟಿಗಿರುವ ಭಾರದ ಮಲ್ಟಿಕೋರ್ ಕೇಬಲ್ ಎಳೆಯುವ ಬದಲು ಒಂದು ನೆಟ್‌ವರ್ಕ್ ಕೇಬಲ್ ಸಾಕು. ಆದರೆ ಪಾಂಡವಪುರದ ಹತ್ತಿರ ಒಂದು ಊರಲ್ಲಿ ಕರೆಂಟಿಂದ ಜನರೇಟರ್‌ಗೆ ಬದಲಾಯಿಸುವಾಗ ಸ್ಕ್ರೀನ್ ಕಪ್ಪಾಯಿತು. ಮತ್ತೆ ಬೂಟ್ ಆಗಲು ಒಂದು ನಿಮಿಷದ ಮೇಲಾಯಿತು. ದ್ರೌಪದಿ ಕೃಷ್ಣನನ್ನು ಕೂಗುತ್ತಿದ್ದಾಳೆ, ದನಿಯೇ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಮೈಕ್ ಇಲ್ಲದೆಯೇ ಬಾರಿಸುತ್ತಾ ಹೇಗೋ ತುಂಬಿಸಿದರು. ಅದಾದ ತಿಂಗಳಿಗೆ ಇನ್ನೊಂದು ಊರಲ್ಲಿ ನ್ಯೂಟ್ರಲ್ ವೈರ್ ಬಿಟ್ಟುಹೋಗಿ ವೋಲ್ಟೇಜ್ ಏರಿತು. ಪವರ್ ಸಪ್ಲೈ ಸುಟ್ಟಿತು, ಮೈನ್ ಬೋರ್ಡಿಗೂ ಏಟು ಬಿತ್ತು. ರಿಪೇರಿಗೆ ಸುಮಾರು 40 ಸಾವಿರ, ಕಾದದ್ದು ಐದು ವಾರ.

ನ್ಯೂಟ್ರಲ್ ಹೋದರೆ ಅನಲಾಗೂ ಉಳಿಯಲ್ಲ, ನಿಜ. ಆದರೆ ಅದರ ಟ್ರಾನ್ಸ್‌ಫಾರ್ಮರ್, ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ನಾನೇ ಬಿಚ್ಚಿ ಹಾಕಬಲ್ಲೆ. ಜನರೇಟರ್ ಬದಲಾವಣೆಗೆ ಅದು ಉಗುಳು ನುಂಗಿದಷ್ಟು ಹೊತ್ತು ಸುಮ್ಮನಾಗಿ ಮತ್ತೆ ಹಾಡುತ್ತದೆ.

ಅನಲಾಗ್ ಅಂದಮಾತ್ರಕ್ಕೆ ಗಟ್ಟಿ ಅಂತ ನಾನು ಹೇಳಲ್ಲ. ಕಡಿಮೆ ಬೆಲೆಯ ಅನಲಾಗ್‌ನಲ್ಲಿ ಎಲ್ಲ ಚಾನೆಲ್ಲೂ ಒಂದೇ ದೊಡ್ಡ ಬೋರ್ಡಿನ ಮೇಲಿರುತ್ತವೆ, ಜಾಕ್‌ಗಳನ್ನೂ ಅದಕ್ಕೇ ಬೆಸುಗೆ ಹಾಕಿರುತ್ತಾರೆ. ಕೇಬಲ್ ಜಗ್ಗಿ ಜಗ್ಗಿ ಬೆಸುಗೆ ಬಿರುಕು ಬಿಡುತ್ತದೆ. ನಾನು ತಂದದ್ದರಲ್ಲಿ ಚಾನೆಲ್‌ಗೊಂದು ಕಾರ್ಡು. ಕೆಟ್ಟದ್ದನ್ನು ಎಳೆದು ಪಕ್ಕಕ್ಕಿಟ್ಟರೆ ಉಳಿದ 23 ಓಡುತ್ತವೆ. ಪವರ್ ಸಪ್ಲೈ ಬೇರೆ ಪೆಟ್ಟಿಗೆ, ಅದರ ಬಿಸಿ ಬೋರ್ಡಿಗೆ ತಾಗಲ್ಲ. ಇದನ್ನು ನೋಡಿಯೇ ದುಡ್ಡು ಕೊಟ್ಟೆ.

ಬಿಚ್ಚಿದಾಗ ನಮ್ಮ ಹುಡುಗ, "ಅಣ್ಣೋ, ಇರುವೆ ಗೂಡು ಕಟ್ಕಂಡವೆ" ಅಂದ. ಮಾಸ್ಟರ್ ಸೆಕ್ಷನ್ ಕೆಳಗೆ ಒಂದು ಹಿಡಿ ಮಣ್ಣು. ಬ್ರಷ್ಷು, ಬ್ಲೋವರ್ ಹಿಡಿದು ಒಂದು ದಿನ ಅದಕ್ಕೇ ಹೋಯಿತು. ಸತ್ತಿದ್ದ 9 ಚಾನೆಲ್‌ನಲ್ಲಿ 5ಕ್ಕೆ ಬರೀ ರಿಬ್ಬನ್ ಕೇಬಲ್ ಕಿತ್ತು, ಪಿನ್ ಒರೆಸಿ, ಮತ್ತೆ ಒತ್ತಿದ್ದಷ್ಟೇ. ಜೀವ ಬಂತು.

ನಾನು ಏಟು ತಿಂದದ್ದು ಕೆಪಾಸಿಟರ್‌ನಲ್ಲಿ, ಅಂದ್ರೆ ಕರೆಂಟನ್ನು ಚೂರು ಹಿಡಿದಿಟ್ಟು ಬಿಡುವ ಬಿಡಿಭಾಗದಲ್ಲಿ. ಒಟ್ಟು ಮುನ್ನೂರೈವತ್ತರ ಹತ್ತಿರ ಇದ್ದವು. ಅಗ್ಗಕ್ಕೆ ಸಿಕ್ಕಿತು ಅಂತ ನಾಲ್ಕೂವರೆ ಸಾವಿರದ ಮಾಲು ತಂದು ಹದಿನೈದು ದಿನ ಕೂತು ಬೆಸುಗೆ ಹಾಕಿದೆ. ಎರಡೇ ತಿಂಗಳಿಗೆ ಗುಂಯ್ ಅನ್ನತೊಡಗಿತು. ಎಲ್ಲಾ ಡೂಪ್ಲಿಕೇಟ್. ಎಲ್ಲವನ್ನೂ ಕಿತ್ತೆ. ಎರಡನೇ ಸಲ ಸುಮಾರು 9 ಸಾವಿರ ಕೊಟ್ಟು 105 ಡಿಗ್ರಿ ಬಿಸಿ ತಡೆಯುವ ಅಸಲಿ ಮಾಲನ್ನೇ ಹಾಕಿದೆ. ಹತ್ತು ಡಿಗ್ರಿ ಬಿಸಿ ಕಡಿಮೆಯಾದರೆ ಕೆಪಾಸಿಟರ್ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತೆ ಅಲ್ವಾ. 85 ಡಿಗ್ರಿಯಲ್ಲಿ 2,000 ಗಂಟೆಯ ಮಾಲು 65 ಡಿಗ್ರಿಯಲ್ಲಿ 8,000 ಗಂಟೆ ಬಂದರೆ, 105ರಲ್ಲಿ 2,000 ಗಂಟೆ ತಡೆಯುವ ಮಾಲು ಅದೇ 65ರಲ್ಲಿ 32,000 ಬರಬೇಕು. ಕೆಲವು ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಲೈನಿಗೆ 63 ವೋಲ್ಟಿನ ಕೆಪಾಸಿಟರನ್ನೇ ಹಾಕಿ. 50ರದ್ದು ಹಾಕಿ ಉಳಿಸುವ ಕಾಸು ಕಾಸೇ ಅಲ್ಲ.

ನಡುವೆ ಸುಮ್ನೆ ಇರಲಾರದೆ ನಾಲ್ಕು ಚಾನೆಲ್‌ಗೆ ದನಿ ಹಿಗ್ಗಿಸುವ ಟಿಎಲ್072 ಐಸಿ ತೆಗೆದು ಎನ್‌ಇ5532 ಐಸಿ ಹಾಕಿ ನೋಡಿದೆ. ನಾಯ್ಸ್ ಕಡಿಮೆಯಾಯಿತು, ಸಂತೋಷವೂ ಆಯಿತು. ಆದರೆ ಒಂದು ಐಸಿಗೆ 3 ಮಿಲಿಆಂಪಿಯರ್ ಸಾಕಾಗುತ್ತಿದ್ದದ್ದು 8ರ ಹತ್ತಿರ ಎಳೆಯತೊಡಗಿತು. 24 ಚಾನೆಲ್‌ಗೂ ಹಾಕಿದರೆ ರೆಗ್ಯುಲೇಟರ್ ಕಾದ ಹೆಂಚಾಗುತ್ತದೆ. ಎರಡು ಚಾನೆಲ್‌ನಲ್ಲಿ ಆಸಿಲೇಷನ್ನೂ, ಅಂದ್ರೆ ಐಸಿ ತಾನಾಗೇ ಸಿಗ್ನಲ್ ಹುಟ್ಟಿಸುವುದು, ಶುರುವಾಯಿತು, ಐಸಿ ಕಾಲಿಗೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ಕೊನೆಗೆ ಗಾಯಕರ ನಾಲ್ಕಕ್ಕೆ ಮಾತ್ರ ಉಳಿಸಿಕೊಂಡೆ.

ದನಿ ಏರಿಳಿಸಲು ಜಾರಿಸುವ ಗುಂಡಿ, ಅಂದ್ರೆ ಫೇಡರ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ನಾನು ಹೊಡೆದೆ. ವಾರಕ್ಕೆ ಧೂಳು ಹಿಡಿದು ಅಂಟು ಅಂಟಾಯಿತು, 11 ಫೇಡರ್ ಬದಲಾಯಿಸಬೇಕಾಯಿತು, ನಾಲ್ಕು ಸಾವಿರ ಹೋಯಿತು. ಉಳಿದವನ್ನು ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಒಣಗಿಸಿ, ಕಂಬಿಗೆ ಒಂದು ಚೂರು ಗ್ರೀಸ್ ಹಚ್ಚಿದೆ. ಯಾವ ಗ್ರೀಸ್ ಅನ್ನೋದು ನನ್ನ ಹತ್ತಿರವೇ ಇರಲಿ, ಅದನ್ನು ಕಂಡುಕೊಳ್ಳಲು ಒಂದು ವರ್ಷ ಹಿಡಿದಿದೆ. ಈಗ ಬೆರಳಿಟ್ಟರೆ ಬೆಣ್ಣೆ ಮೇಲೆ ಜಾರಿದ ಹಾಗೆ ಹೋಗುತ್ತವೆ.

ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸು. ಆ ಡಿಜಿಟಲ್ ರಿಪೇರಿಗೆ ಕೊಟ್ಟಷ್ಟೇ. ಡಿಜಿಟಲ್ಲನ್ನು ನಾನೇನೂ ಮಾರಿಲ್ಲ. ಕರೆಂಟ್ ಹೋದರೂ ಕ್ಷಣವೂ ಕಡಿಯದ ಆನ್‌ಲೈನ್ ಯುಪಿಎಸ್ ಇಲ್ಲದೆ ಅದನ್ನು ಹಳ್ಳಿಗೆ ಒಯ್ಯುವುದಿಲ್ಲ, ಅಷ್ಟೆ. ನಾಟಕಕ್ಕೆ ಮಾತ್ರ ಹಳೆಯದೇ. ಬೆಳಗಿನ ಜಾವ ಮೂರಕ್ಕೆ ನಾನು ಟೀ ಕುಡಿಯಲು ಎದ್ದುಹೋದರೂ ಹುಡುಗ ನೋಡಿಕೊಳ್ಳುತ್ತಾನೆ. ದುರ್ಯೋಧನನ ಮೈಕ್ 6ನೇ ಫೇಡರ್ ಅಂದ್ರೆ ಬೆಳಗಾಗುವ ತನಕ 6ನೆಯದೇ, ಡಿಜಿಟಲ್ಲಿನ ಹಾಗೆ ಒಂದೇ ಫೇಡರ್‌ಗೆ ಬೇರೆ ಬೇರೆ ಮೈಕ್ ತರುವ ಲೇಯರ್ ಹುಡುಕುವ ಕೆಲಸ ಇಲ್ಲ.

17ನೇ ಚಾನೆಲ್‌ನಲ್ಲಿ ದನಿಯನ್ನು ಎಡಕ್ಕೂ ಬಲಕ್ಕೂ ಹಂಚುವ ಗುಂಡಿ, ಪ್ಯಾನ್ ಪಾಟ್ ಒಂದು ಇನ್ನೂ ಕರಕರ ಅನ್ನುತ್ತಿದೆ. ಆ ಅಳತೆಯದು ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಎರಡು ಸಲ ಹುಡುಕಿದರೂ ಸಿಗಲಿಲ್ಲ. ಹಳೇ ಮಿಕ್ಸರ್ ಬಿಚ್ಚಿದವರ ಹತ್ತಿರ ಇದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ.