ಸೆಲ್ಲಿಗಿಂತ ಮೊದಲು ಚಾರ್ಜರ್ ನೋಡಿ

ಹೊರದೇಶಕ್ಕೆ ಬಂದ ಹೊಸದರಲ್ಲಿ ಸೆಲ್ಲಿನ ಖರ್ಚು ಯಾರ ಲೆಕ್ಕಕ್ಕೂ ಬರುವುದಿಲ್ಲ. ರಿಮೋಟಿಗೆ ಎರಡು, ಆಟಿಕೆಗೆ ಮೂರು, ಟಾರ್ಚಿಗೆ ಇನ್ನೆರಡು ಅಂತ ಕೊಳ್ಳುತ್ತಲೇ ಇರುತ್ತೇವೆ. ರೀಚಾರ್ಜ್ ಆಗುವಂಥದ್ದು ತಗೊಂಡುಬಿಡೋಣ ಅನ್ನಿಸಿದಾಗ ನಾನು ಮಾಡಿದ್ದೇನು ಗೊತ್ತಾ? ಸೆಲ್ಲನ್ನು ಅಳೆದು ತೂಗಿ ಕೊಂಡೆ, ಚಾರ್ಜರ್ ಮಾತ್ರ ಕೈಗೆ ಸಿಕ್ಕಿದ್ದು ತಂದೆ. ನೀವು ಉಲ್ಟಾ ಮಾಡಿ.

ನನ್ನ ಆ ಚಾರ್ಜರ್‌ಗೆ ನಾಲ್ಕು ಗೂಡು, ದೀಪ ಎರಡೇ. ಅಂದರೆ ಅದು ಸೆಲ್ಲುಗಳನ್ನು ಜೋಡಿಯಾಗಿಯೇ ಚಾರ್ಜ್ ಮಾಡುತ್ತೆ, ಅದು ನನಗೆ ಆಮೇಲೆ ಹೊಳೆಯಿತು. ಮಗಳ ಆಟಿಕೆ ಕಾರಿಗೆ ಮೂರು ಸೆಲ್ಲು. ಎರಡು ಕೂತವು, ಮೂರನೆಯದಕ್ಕೆ ಜೊತೆ ಇಲ್ಲ. ಪಕ್ಕಕ್ಕೆ ಆಗಲೇ ತುಂಬಿದ್ದ ಒಂದನ್ನು ಹಾಕಿದೆ. ತೆಗೆಯುವಾಗ ತುಂಬಿದ್ದುದು ಕೈ ಸುಡುವಷ್ಟು ಬಿಸಿ, ಖಾಲಿಯಾಗಿದ್ದುದು ಅರ್ಧಂಬರ್ಧ. ಹೀಗೇ ಮಾಡುತ್ತಾ ಒಂದೊಂದಾಗಿ ಎಲ್ಲ ಸೆಲ್ಲುಗಳೂ ಕೆಟ್ಟವು. ಬೈದಿದ್ದು ಮಾತ್ರ ಸೆಲ್ಲನ್ನೇ!

ಹಾಗಾಗಿ ಗೂಡಿಗೊಂದು ದೀಪ ಇರುವ, ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ ಚಾರ್ಜರ್ ತಗೊಳ್ಳಿ. ಸೆಲ್ಲು ತುಂಬಿದಾಗ ಅದರ ವೋಲ್ಟೇಜ್ ಒಂಚೂರು ಇಳಿಯುತ್ತೆ, ಒಳ್ಳೆ ಚಾರ್ಜರ್ ಅದನ್ನು ಗುರುತಿಸಿ ತಾನೇ ನಿಲ್ಲಿಸುತ್ತೆ. ಅಗ್ಗದ್ದು ಗಂಟೆ ಮಾತ್ರ ಎಣಿಸುತ್ತೆ, ತುಂಬಿದ್ದರೂ ಇಲ್ಲದಿದ್ದರೂ. ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವುದನ್ನು ಅದರ ಮೇಲೆ ಎಂಎಎಚ್ ಲೆಕ್ಕದಲ್ಲಿ ಬರೆದಿರುತ್ತೆ; 2000 ಎಂಎಎಚ್ ಸೆಲ್ಲಿಗೆ 500ರಿಂದ 1000 ಮಿಲಿಆಂಪ್ ಕರೆಂಟ್ ಹದವಾದದ್ದು, ಎರಡೂವರೆಯಿಂದ ಐದು ಗಂಟೆಯಲ್ಲಿ ಕೆಲಸ ಮುಗಿಯುತ್ತೆ. ತೀರಾ ನಿಧಾನ ಮಾಡಿದರೆ ಆ ಇಳಿತವೇ ಕಾಣುವುದಿಲ್ಲ, ತೀರಾ ಜೋರು ಮಾಡಿದರೆ ಬಿಸಿ ಜಾಸ್ತಿ.

ಊರಿಂದ ತಂದ ಚಾರ್ಜರ್ ಇದ್ದರೆ ಅದರ ಬೆನ್ನು ಓದಿ. 100–240 ವೋಲ್ಟ್, 50/60 ಹರ್ಟ್ಜ್ ಅಂತಿದ್ದರೆ ಎಲ್ಲಿ ಬೇಕಾದರೂ ನಡೆಯುತ್ತೆ. ಪ್ಲಗ್ಗಿಗೆ ಹಾಕುವ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತೆ ಅಷ್ಟೇ, ವೋಲ್ಟೇಜ್ ಅಲ್ಲ. ಯುಎಸ್‌ಬಿಯಲ್ಲಿ ಓಡುವ ಚಾರ್ಜರ್ ಆದರೆ ಈ ತಲೆನೋವೇ ಇಲ್ಲ.

ಈಗ ಸೆಲ್ಲು. ನಾವು ಪೆನ್ಸಿಲ್ ಸೆಲ್ಲು ಅನ್ನುವುದನ್ನು ಇಲ್ಲಿ ಡಬಲ್ ಎ ಅಂತ ಕೇಳಬೇಕು, ಅದಕ್ಕಿಂತ ಸಣ್ಣದು ಟ್ರಿಪಲ್ ಎ. ರೀಚಾರ್ಜ್ ಆಗುವವುಗಳಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಅನ್ನುವ ಬಗೆ ಮನೆ ಬಳಕೆಗೆ ಸರಿ. ಅದರಲ್ಲೂ ಸುಮ್ನೆ ಇಟ್ಟರೆ ಚಾರ್ಜ್ ಬೇಗ ಸೋರಿಹೋಗದಂಥದ್ದು ಬೇಕು. ಸ್ಯಾನ್ಯೋ ಕಂಪನಿ 2005ರಲ್ಲಿ ತಂದ ಎನಿಲೂಪ್ ಈ ಜಾತಿಯದ್ದು, ಈಗ ಬೇರೆ ಕಂಪನಿಗಳದ್ದೂ ಸಿಗುತ್ತೆ. ಡಬಲ್ ಎ ಆದರೆ 1900–2000 ಎಂಎಎಚ್ ಸಾಕು. 2500 ಅಂತ ಬರೆದದ್ದು ಒಮ್ಮೆಗೆ ಜಾಸ್ತಿ ಹೊತ್ತು ಬರುತ್ತೆ ನಿಜ, ಆದರೆ ಸಾಮಾನ್ಯವಾಗಿ ಕಡಿಮೆ ಸಲ ಚಾರ್ಜ್ ಮಾಡಿಸಿಕೊಂಡು ಸುಸ್ತಾಗುತ್ತೆ.

ಈ ನಿಕಲ್ ಸೆಲ್ಲಿನ ಮೇಲೆ 1.2 ವೋಲ್ಟ್ ಅಂತಿರುತ್ತೆ, ಹೆದರಬೇಡಿ. ಆಲ್ಕಲೈನ್, ಅಂದರೆ ಒಮ್ಮೆ ಬಳಸಿ ಬಿಸಾಡುವ ಮಾಮೂಲಿ ಸೆಲ್ಲು, 1.5ರಲ್ಲಿ ಶುರುವಾಗಿ ಇಳಿಯುತ್ತಲೇ ಹೋಗುತ್ತೆ, ಇದು ಹೆಚ್ಚು ಹೊತ್ತು 1.2ರ ಆಸುಪಾಸಲ್ಲೇ ನಿಲ್ಲುತ್ತೆ. ಬಹುಪಾಲು ಸಾಮಾನು ಸರಿಯಾಗೇ ನಡೆಯುತ್ತವೆ. ಗೋಡೆ ಗಡಿಯಾರಕ್ಕೆ ಆಲ್ಕಲೈನೇ ಇರಲಿ, ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ಇಷ್ಟೆಲ್ಲ ಯಾಕೆ ಅಲ್ವಾ? ಹೊಗೆ ಬಂದರೆ ಕೂಗುವ ಅಲಾರಂಗೆ ಮಾತ್ರ ಅದರ ಕೈಪಿಡಿ ಹೇಳಿದ ಸೆಲ್ಲೇ ಹಾಕಿ.

ಲಿಥಿಯಂ ಅಯಾನ್‌ನ 1.5 ವೋಲ್ಟ್ ಸೆಲ್ಲೂ ಬರುತ್ತೆ. ಅದಕ್ಕೆ ಅದರದ್ದೇ ಚಾರ್ಜರ್, ನಿಕಲ್ ಚಾರ್ಜರ್‌ಗೆ ಹಾಕಲೇಬೇಡಿ. 14500 ಅಂತ ಬರೆದದ್ದು ನೋಡಲು ಡಬಲ್ ಎ ಥರವೇ, ಆದರೆ 3.7 ವೋಲ್ಟ್, ರಿಮೋಟಿಗೆ ಹಾಕಿದರೆ ರಿಮೋಟ್ ಸುಟ್ಟುಹೋಗಬಹುದು. ಆಲ್ಕಲೈನನ್ನು ಚಾರ್ಜ್ ಮಾಡಲು ಹೋಗಬೇಡಿ, ಸೋರಬಹುದು.

ಕೊನೆಗೆ ಒಂದು ಸಣ್ಣ ಕೆಲಸ. ತಂದ ದಿನವೇ ಮಾರ್ಕರ್ ಪೆನ್ನಲ್ಲಿ ಸೆಲ್ಲುಗಳ ಮೇಲೆ ತಿಂಗಳು, ವರ್ಷ ಬರೆದಿಡಿ. ಒಂದೇ ಪ್ಯಾಕಿನವು ಒಂದೇ ಸಾಮಾನಿಗೆ ಹೋಗಲಿ. ಹಳೆಯದು ಹೊಸದು ಬೆರೆಸಿದರೆ ಬಡಪಾಯಿ ಹಳೆಯದು ಮೊದಲು ಖಾಲಿಯಾಗಿ, ಹೊಸದು ಅದನ್ನು ಉಲ್ಟಾ ಚಾರ್ಜ್ ಮಾಡಿ ಕೆಡಿಸಿಬಿಡುತ್ತೆ.