ವಾಲಿದ ಫೋಟೋಗಳನ್ನು ನೆಟ್ಟಗೆ ನಿಲ್ಲಿಸುವಾಗ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘ ತರುವ ಸ್ಮರಣ ಸಂಚಿಕೆಯ ಪುಟವಿನ್ಯಾಸ ನನ್ನ ಪಾಲಿನ ಕೆಲಸ. ಲೇಖನಗಳಿಗಾಗಿ ಕಾಯಬೇಕು, ಫೋಟೋಗಳು ಮಾತ್ರ ಕೇಳುವ ಮೊದಲೇ ಬಂದು ಬೀಳುತ್ತವೆ. ಕೆಲವು ಅಡ್ಡ ಮಲಗಿರುತ್ತವೆ, ಕೆಲವು ಒಂದಿಷ್ಟು ವಾಲಿರುತ್ತವೆ. ಇವೆರಡೂ ಒಂದೇ ದೋಷವಲ್ಲ.

ಅಡ್ಡ ಮಲಗಿದವುಗಳದ್ದು ಸುಲಭದ ಲೆಕ್ಕ. ಮೊಬೈಲನ್ನು ನಾವು ಉದ್ದಕ್ಕೆ ಹಿಡಿದರೂ ಅದು ಸಾಮಾನ್ಯವಾಗಿ ಚಿತ್ರವನ್ನು ತಿರುಗಿಸಿ ಉಳಿಸುವುದಿಲ್ಲ. ಸೆನ್ಸರಿಗೆ ಕಂಡಂತೆಯೇ ಉಳಿಸಿ, ತೋರಿಸುವಾಗ ಹೇಗೆ ತಿರುಗಿಸಬೇಕೆಂದು ಫೈಲಿನೊಳಗೇ ಚಿತ್ರದ ಜೊತೆ ಸೇರಿರುವ ಎಕ್ಸಿಫ್ ಎಂಬ ಮಾಹಿತಿಯಲ್ಲಿ 1ರಿಂದ 8ರೊಳಗಿನ ಒಂದು ಅಂಕೆ ಬರೆದಿಡುತ್ತದೆ. 6 ಇದ್ದರೆ ಬಲಕ್ಕೆ 90 ಡಿಗ್ರಿ, 3 ಇದ್ದರೆ 180. ಆ ಅಂಕೆಯನ್ನು ಓದುವ ತಂತ್ರಾಂಶದಲ್ಲಿ ಚಿತ್ರ ನೆಟ್ಟಗಿರುತ್ತದೆ, ಓದದಿರುವುದರಲ್ಲಿ ಮಲಗಿರುತ್ತದೆ. ‘ನನ್ನ ಮೊಬೈಲಿನಲ್ಲಿ ಸರಿಯಾಗಿಯೇ ಇದೆಯಲ್ಲ ಮಾರಾಯರೇ’ ಎಂದು ಕಾರ್ಯದರ್ಶಿಗಳು ಹೇಳುವುದು ಸುಳ್ಳಲ್ಲ.

ಹಳೆಯ ಆಲ್ಬಮ್ಮನ್ನು ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ತೆಗೆದ ಚಿತ್ರಗಳ ಕಥೆ ಬೇರೆ. ಯಾವ ಅಂಚು ಮೇಲಿದೆ ಎಂಬುದು ಮೊಬೈಲಿಗೆ ಗೊತ್ತಾಗುವುದು ಗುರುತ್ವಾಕರ್ಷಣೆಯಿಂದ. ನೇರ ಕೆಳಮುಖವಾಗಿ ಹಿಡಿದಾಗ ಆ ಸುಳಿವೇ ಇಲ್ಲ, ಅದು ಊಹಿಸುತ್ತದೆ. ಮುಂಬೈಯ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯ ಹಳೆಯ ಗುಂಪು ಫೋಟೋಗಳು ನನಗೆ ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿ ಬಂದದ್ದು ಹೀಗೆ. ಜೆಪೆಗ್ ಫೈಲನ್ನು ತೆರೆದು ತಿರುಗಿಸಿ ಮತ್ತೆ ಉಳಿಸಿದರೆ ಅದು ಮತ್ತೊಮ್ಮೆ ಕುಗ್ಗಿ ಒಂದಿಷ್ಟು ಗುಣಮಟ್ಟ ಕಳೆದುಕೊಳ್ಳುತ್ತದೆ. ಆದ್ದರಿಂದ 90ರ ತಿರುವಿಗೆ, ಚಿತ್ರ ನೋಡುವ ತಂತ್ರಾಂಶವಾದ ಇರ್ಫಾನ್‌ವ್ಯೂದಲ್ಲಿರುವ, ನಷ್ಟವಿಲ್ಲದೆ ಜೆಪೆಗ್ ತಿರುಗಿಸುವ ಸೌಲಭ್ಯವನ್ನು ಬಳಸುತ್ತೇನೆ.

ನಿಜವಾದ ಕೆಲಸವಿರುವುದು ಒಂದೆರಡು ಡಿಗ್ರಿ ವಾಲಿದವುಗಳಲ್ಲಿ. ನಾನು ಬಳಸುವುದು ಉಚಿತವಾಗಿ ಸಿಗುವ, ಚಿತ್ರ ತಿದ್ದುವ ತಂತ್ರಾಂಶ ಜಿಂಪ್. ಅದರ ಅಳತೆಯ ಉಪಕರಣವನ್ನು ತೆಗೆದುಕೊಂಡು, ನೆಟ್ಟಗಿರಬೇಕಾದ ಒಂದು ಗೆರೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಕೋನ ಕಾಣಿಸುತ್ತದೆ. ‘ಸ್ಟ್ರೇಟನ್’ ಗುಂಡಿ ಒತ್ತಿದರೆ ಅಷ್ಟೇ ಕೋನ ತಿರುಗುತ್ತದೆ. ಗೆರೆ ಉದ್ದವಿದ್ದಷ್ಟೂ ಒಳ್ಳೆಯದು. 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಡಿಗ್ರಿ ಎಂದರೆ ಈ ಅಂಚಿಗೂ ಆ ಅಂಚಿಗೂ ಸುಮಾರು 70 ಪಿಕ್ಸೆಲ್ ಏರಿಳಿತ. ಕಿಟಕಿಯ ಚೌಕಟ್ಟಿನಂಥ ಗಿಡ್ಡ ಗೆರೆಯಲ್ಲಿ ಇದು ಕೈಗೆ ಸಿಗುವುದೇ ಇಲ್ಲ.

ಯಾವ ಗೆರೆಯನ್ನು ನಂಬಬೇಕು ಎಂಬುದನ್ನು ಮಾತ್ರ ತಂತ್ರಾಂಶ ಹೇಳುವುದಿಲ್ಲ. ಮರೀನ್ ಡ್ರೈವಿನಲ್ಲಿ ತೆಗೆದ ಫೋಟೋವನ್ನೇ ನೋಡಿ. ದಡ ಬಾಗಿಕೊಂಡು ಮಲಬಾರ್ ಹಿಲ್ ಕಡೆಗೆ ಹೋಗುತ್ತದೆ. ಹತ್ತಿರದ ದಡ ಚಿತ್ರದಲ್ಲಿ ಕೆಳಗೆ, ದೂರದ್ದು ಮೇಲೆ ಕಾಣಿಸುತ್ತದೆ. ಆ ಓರೆ ಸಹಜವಾದದ್ದು. ಅದನ್ನು ಮಟ್ಟ ಮಾಡಲು ಹೊರಟರೆ ಕಟ್ಟಡಗಳೆಲ್ಲ ವಾಲುತ್ತವೆ. ತೆರೆದ ಕಡಲಿನ ದಿಗಂತ ಕಂಡರೆ ಅದನ್ನು ನಂಬಿ, ಇಲ್ಲವಾದರೆ ಚಿತ್ರದ ನಡುಭಾಗದಲ್ಲಿರುವ ದೀಪದ ಕಂಬವನ್ನು ಅಥವಾ ಕಟ್ಟಡದ ಮೂಲೆಯನ್ನು ಹಿಡಿಯಿರಿ.

ನಡುಭಾಗವೇ ಏಕೆಂದರೆ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಂಥ ಎತ್ತರದ ಕಟ್ಟಡವನ್ನು ರಸ್ತೆಯಿಂದ ಮೊಬೈಲನ್ನು ಮೇಲಕ್ಕೆತ್ತಿ ತೆಗೆದಾಗ ಎಡಬಲದ ಗೋಪುರಗಳು ಒಳಕ್ಕೆ ಒಂದರತ್ತ ಒಂದು ಬಾಗುತ್ತವೆ. ಎಡದ್ದನ್ನು ನೆಟ್ಟಗೆ ಮಾಡಲು ತಿರುಗಿಸಿದರೆ ಬಲದ್ದು ಇನ್ನಷ್ಟು ಬಾಗುತ್ತದೆ. ಅಲ್ಲಿ ಬೇಕಾದದ್ದು ಚಿತ್ರದ ಮೂಲೆಗಳನ್ನು ಬೇರೆಬೇರೆಯಾಗಿ ಎಳೆಯಬಲ್ಲ ಪರ್ಸ್ಪೆಕ್ಟಿವ್ ಉಪಕರಣ. ಅದನ್ನೂ ನಾನು ಪೂರ್ತಿ ಎಳೆಯುವುದಿಲ್ಲ. ಗೋಪುರಗಳನ್ನು ಗೆರೆ ಕೊರೆದಂತೆ ನಿಲ್ಲಿಸಿದರೆ ಕಟ್ಟಡದ ತಲೆ ದಪ್ಪವಾದಂತೆ ಕಾಣುತ್ತದೆ.

ತಿರುಗಿಸಿದ ಮೇಲೆ ಮೂಲೆಗಳು ಖಾಲಿಯಾಗುತ್ತವೆ, ಕತ್ತರಿಸಬೇಕು. 4000ಕ್ಕೆ 3000ದ ಚಿತ್ರವನ್ನು ಎರಡು ಡಿಗ್ರಿ ತಿರುಗಿಸಿ ಅದೇ ಅನುಪಾತ ಉಳಿಸಿಕೊಂಡರೆ ಸಿಗುವುದು ಸುಮಾರು 3824ಕ್ಕೆ 2868, ಚಿತ್ರದ ಶೇ. 8ಕ್ಕೂ ಹೆಚ್ಚು ಭಾಗ ಹೋಯಿತು. ಐದು ಡಿಗ್ರಿಗೆ ಹತ್ತಿರ ಹತ್ತಿರ ಐದನೆಯ ಒಂದು ಪಾಲು. ಗುಂಪು ಫೋಟೋದಲ್ಲಿ ಅಂಚಿನಲ್ಲಿ ನಿಂತವರೇ ಇದಕ್ಕೆ ಬಲಿಯಾಗುತ್ತಾರೆ, ಮತ್ತು ಅವರೇ ಮೊದಲು ಫೋನ್ ಮಾಡುತ್ತಾರೆ! ಇನ್ನೊಂದು ಮಾತು: ಸಣ್ಣ ಕೋನದ ಪ್ರತಿ ತಿರುವಿನಲ್ಲೂ ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕಬೇಕಾಗುವುದರಿಂದ ಚಿತ್ರ ಒಂದಿಷ್ಟು ಮಸುಕಾಗುತ್ತದೆ. ಅರ್ಧ ಡಿಗ್ರಿ ಕಡಿಮೆಯಾಯಿತು ಅನ್ನಿಸಿದರೆ ಅದರ ಮೇಲೆಯೇ ಇನ್ನರ್ಧ ತಿರುಗಿಸಬೇಡಿ. ರದ್ದು ಮಾಡಿ, ಮೂಲ ಚಿತ್ರಕ್ಕೆ ಸರಿಯಾದ ಕೋನವನ್ನು ಒಂದೇ ಸಲ ಕೊಡಿ.

ಈ ಸಲದ ಸಂಚಿಕೆಯಲ್ಲಿ ಯಕ್ಷಗಾನದ ಒಂದು ಚಿತ್ರವಿದೆ. ಅಭಿಮನ್ಯು ಸುತ್ತುತ್ತ ಜಿಗಿದು ದಿಗಿಣ ಹಾಕುತ್ತಿರುವಾಗ ಯಾರೋ ಅವಸರದಲ್ಲಿ ಕ್ಲಿಕ್ಕಿಸಿದ್ದು. ‘ಹಿಂದಿನ ಕಂಬವೇಕೆ ಕುಡಿದವನ ಹಾಗೆ ನಿಂತಿದೆ?’ ಎಂದು ಸಂಪಾದಕರು ಕೇಳಿದರು. ತಿರುಗಿಸಿ ತೋರಿಸಿದೆ. ಕಂಬ ನೆಟ್ಟಗಾಯಿತು, ಕತ್ತರಿಗೆ ವೇಷದ ಮುಂದಲೆ ಎಂಬ ಶಿರೋಭೂಷಣದ ತುದಿ ಹೋಯಿತು. ‘ವಾಲಿಕೊಂಡೇ ಇರಲಿ’ ಎಂದರು.