ಚಿರತೆಬೆಕ್ಕು, ತುಕ್ಕುಚುಕ್ಕೆ ಬೆಕ್ಕು: ಎರಡನ್ನೂ ಹೋಲಿಸಿ ಗುರುತಿಸುವ ಬಗೆ

ಕಾಡಂಚಿನ ನಮ್ಮ ಊರುಗಳಲ್ಲಿ ಮೈಮೇಲೆ ಚುಕ್ಕೆಯಿರುವ ಸಣ್ಣ ಪ್ರಾಣಿಯೊಂದು ಕಂಡರೆ ಅದನ್ನು ಚಿರತೆಮರಿ ಎಂದೋ, ಬರೀ ಕಾಡುಬೆಕ್ಕು ಎಂದೋ ಹೇಳಿ ಮುಗಿಸುವುದು ರೂಢಿ. ಕಾಡುಬೆಕ್ಕು ಎಂಬ ಹೆಸರು ನಿಜವಾಗಿ ಸಲ್ಲಬೇಕಾದದ್ದು ಹೊಲಗಳಲ್ಲಿ, ಕೆರೆಯಂಚಿನ ಜೊಂಡಿನಲ್ಲಿ ಓಡಾಡುವ, ಮೈಮೇಲೆ ಚುಕ್ಕೆಗಳಿಲ್ಲದ, ಉದ್ದ ಕಾಲಿನ ಬೇರೊಂದು ಬೆಕ್ಕಿಗೆ. ಕರ್ನಾಟಕದಲ್ಲಿ ಒಂದನ್ನೊಂದು ಹೋಲುವ, ಚುಕ್ಕೆಯುಳ್ಳ ಪುಟ್ಟ ಬೆಕ್ಕುಗಳೆಂದರೆ ಚಿರತೆಬೆಕ್ಕು ಮತ್ತು ಇಂಗ್ಲಿಷಿನಲ್ಲಿ ರಸ್ಟಿ ಸ್ಪಾಟೆಡ್ ಕ್ಯಾಟ್ ಎನಿಸಿಕೊಳ್ಳುವ ತುಕ್ಕುಚುಕ್ಕೆ ಬೆಕ್ಕು. ಎರಡೂ ಪ್ರಿಯೊನೈಲುರಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಎರಡೂ ಹೆಚ್ಚಾಗಿ ರಾತ್ರಿ ಬೇಟೆಯಾಡುತ್ತವೆ, ಮರ ಹತ್ತುತ್ತವೆ, ಇಲಿಗಳನ್ನು ತಿನ್ನುತ್ತವೆ. ಇಷ್ಟೆಲ್ಲ ಸಮಾನವಾಗಿರುವುದರಿಂದಲೇ ಹೋಲಿಕೆಯನ್ನು ಕ್ರಮವಾಗಿ ಮಾಡಬೇಕಾಗುತ್ತದೆ.

ಕೈಯಲ್ಲಿ ಒಂದು ಫೋಟೋ ಇದೆಯೆಂದುಕೊಳ್ಳಿ; ಮೊದಲು ಬಾಲವನ್ನು ನೋಡಿ. ಚಿರತೆಬೆಕ್ಕಿನ ಬಾಲದ ಮೇಲೆ ಮೈಯಲ್ಲಿರುವಂಥದ್ದೇ ಕಪ್ಪು ಚುಕ್ಕೆಗಳು ಮುಂದುವರಿದು, ತುದಿಯ ಹತ್ತಿರ ಅಸ್ಪಷ್ಟವಾದ ಬಳೆಗಳಾಗುತ್ತವೆ. ತುಕ್ಕುಚುಕ್ಕೆ ಬೆಕ್ಕಿನ ಬಾಲ ಹೆಚ್ಚುಕಡಿಮೆ ಗುರುತುಗಳೇ ಇಲ್ಲದೆ ಒಂದೇ ಬಣ್ಣದಲ್ಲಿರುತ್ತದೆ. ಆಮೇಲೆ ಮೈಬಣ್ಣ. ಚಿರತೆಬೆಕ್ಕಿನದು ಹಳದಿ ಮಿಶ್ರಿತ ಕಂದು, ಅದರ ಮೇಲೆ ದಟ್ಟವಾದ ಕಪ್ಪು ಚುಕ್ಕೆ. ದೂರದಿಂದಲೂ ಎದ್ದು ಕಾಣುತ್ತದೆ. ತುಕ್ಕುಚುಕ್ಕೆ ಬೆಕ್ಕಿನದು ಬೂದು ಬಣ್ಣದ ಗಿಡ್ಡ ಕೂದಲು. ಬೆನ್ನು ಮತ್ತು ಪಕ್ಕೆಗಳ ಮೇಲೆ ಸಾಲಾಗಿ ಕೂಡಿಸಿದಂತಿರುವ ಚುಕ್ಕೆಗಳು ಹಳೆಯ ಕಬ್ಬಿಣಕ್ಕೆ ಹಿಡಿದ ತುಕ್ಕಿನ ಬಣ್ಣದವು, ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಹಣೆಯ ಪಟ್ಟೆಗಳನ್ನು ನಂಬಿ ತೀರ್ಮಾನಿಸಬೇಡಿ, ಏಕೆಂದರೆ ಹಣೆಯಿಂದ ಕತ್ತಿನ ಹಿಂಭಾಗಕ್ಕೆ ಹರಿಯುವ ಗಾಢ ಗೆರೆಗಳು ಎರಡಕ್ಕೂ ಇವೆ.

ಗಾತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಚಿರತೆಬೆಕ್ಕು ಸುಮಾರಾಗಿ ಮನೆಬೆಕ್ಕಿನಷ್ಟೇ ಇರುತ್ತದೆ, ಕಾಲು ಮಾತ್ರ ತುಸು ಉದ್ದ. ತುಕ್ಕುಚುಕ್ಕೆ ಬೆಕ್ಕು ಜಗತ್ತಿನ ಅತಿ ಸಣ್ಣ ಬೆಕ್ಕುಗಳಲ್ಲೊಂದು. ಬೆಳೆದ ಪ್ರಾಣಿಯ ತೂಕ 0.9ರಿಂದ 1.6 ಕಿಲೋ ಮಾತ್ರ, ಬಾಲ ಬಿಟ್ಟು ಉದ್ದ 35ರಿಂದ 48 ಸೆಂಟಿಮೀಟರು. ಅಂಕಿಯಲ್ಲಿ ಈ ವ್ಯತ್ಯಾಸ ದೊಡ್ಡದಾಗಿ ಕಂಡರೂ, ಬೈಕಿನ ಹೆಡ್‌ಲೈಟಿನ ಬೆಳಕಿನಲ್ಲಿ ಎರಡು ಕ್ಷಣ ಕಂಡು ಮರೆಯಾದ ಪ್ರಾಣಿಯ ಅಳತೆಯನ್ನು ಯಾರೂ ಸರಿಯಾಗಿ ಹೇಳಲಾರರು.

ಫೋಟೋದಿಂದ ಹೆಸರು ತಿಳಿಯುತ್ತದೆ. ಆ ಬೆಕ್ಕು ಅಲ್ಲೇ ಏಕೆ ಇದೆ ಎಂಬುದು ತಿಳಿಯಬೇಕಾದರೆ ನೆಲವನ್ನು ನೋಡಬೇಕು. ಚಿರತೆಬೆಕ್ಕಿನ ಹರವು ಬೆರಗು ಹುಟ್ಟಿಸುವಂಥದ್ದು: ರಷ್ಯಾದ ಪೂರ್ವ ತುದಿಯ ಅಮುರ್ ಪ್ರದೇಶದಿಂದ ಚೀನಾ, ಆಗ್ನೇಯ ಏಷ್ಯಾ, ಹಿಮಾಲಯಗಳನ್ನು ದಾಟಿ ನಮ್ಮ ಪಶ್ಚಿಮ ಘಟ್ಟಗಳವರೆಗೆ. ಚಳಿಯನ್ನು ಇಷ್ಟು ಸಹಿಸುವ ಪ್ರಾಣಿಗೆ ನಮ್ಮ ದೇಶದ ನಡುಭಾಗದ ಬೇಸಿಗೆ ಮಾತ್ರ ದಾಟಲಾಗದ ಗೋಡೆ. ಭಾರತದ ಚಿರತೆಬೆಕ್ಕು ಮತ್ತು ಕಾಡುಬೆಕ್ಕುಗಳ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ದಕ್ಷಿಣದ ಚಿರತೆಬೆಕ್ಕುಗಳು ಉತ್ತರದವುಗಳಿಂದ ಬಹುಕಾಲದ ಹಿಂದೆಯೇ ಬೇರ್ಪಟ್ಟಿವೆ ಎಂದೂ, ಮಧ್ಯ ಭಾರತದ ಉರಿಬಿಸಿಲು ಅದಕ್ಕೆ ಕಾರಣವಾಗಿರಬಹುದೆಂದೂ ಅದು ತೋರಿಸಿತು. ಹಾಗಾಗಿ ಕೊಡಗಿನ ಕಾಫಿತೋಟದ ನೆರಳಿನಲ್ಲೋ, ಮಲೆನಾಡಿನ ಹಳ್ಳದ ಬದಿಯಲ್ಲೋ ಚುಕ್ಕೆಬೆಕ್ಕು ಕಂಡರೆ ಮೊದಲು ಚಿರತೆಬೆಕ್ಕನ್ನೇ ನೆನೆಯುವುದು ಸರಿ. ಅದು ಚೆನ್ನಾಗಿ ಈಜಬಲ್ಲದು, ನೀರಿನ ಹತ್ತಿರವೇ ಹೆಚ್ಚಾಗಿ ಸುಳಿದಾಡುತ್ತದೆ.

ತುಕ್ಕುಚುಕ್ಕೆ ಬೆಕ್ಕಿನ ಕತೆ ಬೇರೆ. ಭಾರತ, ಶ್ರೀಲಂಕಾ, ನೇಪಾಳದ ಪಶ್ಚಿಮ ತರಾಯಿ (ಹಿಮಾಲಯದ ಬುಡದ ತಗ್ಗುನೆಲ), ಇಷ್ಟೇ ಅದರ ಜಗತ್ತು. 1831ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಪುದುಚೇರಿಯಿಂದ ಹೋದ ಮಾದರಿಯ ಆಧಾರದ ಮೇಲೆ. ಭಾರತದಲ್ಲಿ ಎಲೆ ಉದುರುವ ಒಣ ಕಾಡು, ಕುರುಚಲು, ಬಂಡೆಗಳ ಸಂದು, ಕೊನೆಗೆ ಪಾಳುಬಿದ್ದ ಮನೆಯ ಅಟ್ಟ ಕೂಡ ಅದಕ್ಕೆ ಸಾಕು. ಚಿರತೆಬೆಕ್ಕು ಬಿಟ್ಟುಕೊಟ್ಟ ಸೆಕೆಯ ನಾಡೇ ಇದರ ಮನೆ. ಆದರೆ ಇದನ್ನು ಒಣನೆಲದ ಪ್ರಾಣಿಯೆಂದು ಷರಾ ಬರೆದುಬಿಟ್ಟರೆ ಶ್ರೀಲಂಕಾ ಒಪ್ಪುವುದಿಲ್ಲ. ಅಲ್ಲಿ ಇದು ಮಳೆಕಾಡಿನಲ್ಲೂ ಇದೆ. ಆ ದ್ವೀಪದಲ್ಲಿ ಚಿರತೆಬೆಕ್ಕು ಇಲ್ಲವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನೆರೆಯ ಸ್ಪರ್ಧಿ ಯಾರೆಂಬುದೂ ಬೆಕ್ಕಿನ ನೆಲೆಯನ್ನು ನಿರ್ಧರಿಸಬಹುದು ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಊರಿನ ಹೆಸರಿನ ಜೊತೆಗೆ ಹತ್ತಿರದ ನೀರು, ಮರಗಳ ದಟ್ಟಣೆ, ಬೆಳೆ, ತಿಂಗಳು, ಅದೇ ಜಾಗದಲ್ಲಿ ಕಂಡ ಬೇರೆ ಬೆಕ್ಕುಗಳು, ಇವೆಲ್ಲವನ್ನೂ ಬರೆದಿಡಿ.

ಸಂತಾನದ ವಿಷಯದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ: ಗರ್ಭಕಾಲ ಸುಮಾರು ಎರಡು ತಿಂಗಳಿಗೆ ತುಸು ಹೆಚ್ಚು, ಒಂದು ಸೂಲಿಗೆ ಒಂದರಿಂದ ಮೂರು ಮರಿ, ಚಿರತೆಬೆಕ್ಕಿನಲ್ಲಿ ಕೆಲವೊಮ್ಮೆ ನಾಲ್ಕು. ಹೋಲಿಕೆ ಕೈಕೊಡುವುದು ಮರಿಗಳಲ್ಲಿ. ತುಕ್ಕುಚುಕ್ಕೆ ಬೆಕ್ಕಿನ ಮರಿಗೆ ಹುಟ್ಟುವಾಗ ತುಕ್ಕಿನ ಬಣ್ಣವೇ ಇರುವುದಿಲ್ಲ, ಸಾಲುಸಾಲು ಕಪ್ಪು ಚುಕ್ಕೆಗಳಿರುತ್ತವೆ. ಕಬ್ಬು ಕಡಿಯುವಾಗ ತರಗಿನ ನಡುವೆ ಮುಷ್ಟಿಯಷ್ಟೇ ದೊಡ್ಡ, ಕಣ್ಣು ಬಿಡದ ಎರಡು ಮರಿಗಳು ಮುದುಡಿ ಮಲಗಿದ್ದರೆ ಚಿರತೆಮರಿಯೆಂದು ಜನ ಗಾಬರಿಯಾಗುವುದು ಸಹಜ. ಆ ಹೊತ್ತಿನಲ್ಲಿ ಜಾತಿ ಗುರುತಿಸುವ ಆಸೆಯನ್ನು ಬದಿಗಿಡಿ. ಮರಿಗಳನ್ನು ಮನೆಗೆ ಒಯ್ಯಬೇಡಿ, ಹಾಲು ಕುಡಿಸಬೇಡಿ. ಆ ಸಾಲಿನ ಕಟಾವು ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಿ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಹೀಗೆ ಸಿಕ್ಕ ಮರಿಗಳನ್ನು ಸಂಜೆ ಅದೇ ಜಾಗದಲ್ಲಿ ಪೆಟ್ಟಿಗೆಯಲ್ಲಿಟ್ಟು ದೂರ ಸರಿದಾಗ, ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋದದ್ದಿದೆ. ಎರಡೂ ಬೆಕ್ಕುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸಾಕುವುದು ಅಪರಾಧ. ದೂರದಿಂದ ಒಂದು ಫೋಟೋ ತೆಗೆದುಕೊಂಡು, ತಾಯಿ ಬರುವ ದಾರಿ ಬಿಟ್ಟು ಹೊರಟುಬಿಡಿ.